ಮನೆವಾರ್ತೆ: ಬೇಳೆ ಬೇಯದ ನೀರು

ಬೆಂಗಳೂರಿನ ಬಸವನಗುಡಿಯ ಬಾಡಿಗೆಯ ಮನೆಯಲ್ಲಿ ಬಹುಕಾಲ ಕಳೆದ ಸಂಸಾರವೊಂದು ನಗರದ ಹೊರವಲಯದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಕಾರ್ತಿಕ ಮಾಸದಲ್ಲಿ ಗೃಹಪ್ರವೇಶ ಮಾಡಿತು. ಸಂಭ್ರಮ ಮುಗಿದು, ಬಂದ ನೆಂಟರಿಷ್ಟರೆಲ್ಲ ಹೊರಟುಹೋದ ಮೂರನೆಯ ದಿನ ಅಡುಗೆಮನೆಯಲ್ಲಿ ಹೊಸದೊಂದು ತೊಡಕು ತಲೆದೋರಿತು. ಕುಕ್ಕರು ಐದು ಸಲ ಕೂಗಿದರೂ ತೊಗರಿಬೇಳೆ ಬೆಣ್ಣೆಯಂತೆ ಬೇಯಲಿಲ್ಲ. ಕಡೆಗೋಲಿನಿಂದ ಕಡೆದರೂ ನೀರು ಮೇಲೆ, ಬೇಳೆ ಕೆಳಗೆ. ಅಂದಿನ ಸಾರು ಮಾವನವರ ಎಲೆಯಲ್ಲಿ ತಿಳಿನೀರಿನಂತೆ ಹರಿಯಿತು.

ಅತ್ತೆಯವರು ಮೊದಲು ಬೈದದ್ದು ಅಂಗಡಿಯವನನ್ನು. ಹಳೆಯ ದಾಸ್ತಾನು ಕಟ್ಟಿಕೊಟ್ಟಿದ್ದಾನೆಂದು ಗಾಂಧಿಬಜಾರಿನ ಪರಿಚಿತ ಅಂಗಡಿಯಿಂದಲೇ ಬೇಳೆ ತರಿಸಿದರು. ಅದೂ ಹಾಗೆಯೇ ಆಯಿತು. ಅನಂತರ ಅವರ ದೃಷ್ಟಿ, ಮದುವೆಯಾಗಿ ಆರು ತಿಂಗಳಷ್ಟೇ ಆಗಿದ್ದ ಸೊಸೆಯ ಕಡೆಗೆ ಹೊರಳಿತು.

"ನಿಮ್ಮ ಕಡೆ ಬೇಳೆ ನೆನೆಸುವ ಪದ್ಧತಿ ಇಲ್ಲವೇನಮ್ಮ?"

"ಇದೆ ಅತ್ತೆ. ಇವತ್ತು ಬೆಳಿಗ್ಗೆ ಎದ್ದ ಕೂಡಲೇ ನೆನೆಸಿಟ್ಟಿದ್ದೆ."

"ನೆನೆಸಿದ್ದರೆ ಹೀಗಾಗುತ್ತಿತ್ತೆ? ಬಸವನಗುಡಿಯಲ್ಲಿ ಒಂದು ದಿನವಾದರೂ ಹೀಗಾಗಿತ್ತೆ?"

ಸೊಸೆ ಉಡುಪಿಯ ಕಡೆಯವಳು. ತವರಿನಲ್ಲಿ ಒಂದು ದಿನವೂ ಅವಳ ಬೇಳೆ ಹೀಗೆ ಮೊಂಡು ಹಿಡಿದಿರಲಿಲ್ಲ. ಮಾತು ಬೆಳೆಯಬಾರದೆಂದು ಸುಮ್ಮನಾದಳು. ಆದರೆ ಮನೆಯಲ್ಲಿ ಮಾತು ನಿಂತಷ್ಟು ಸುಲಭವಾಗಿ ಮುನಿಸು ನಿಲ್ಲುವುದಿಲ್ಲ. ಅತ್ತೆ ಅಡುಗೆಗೆ ನಿಂತ ದಿನ ಸೊಸೆ ಹಾಲ್‌ನಲ್ಲಿ, ಸೊಸೆ ನಿಂತ ದಿನ ಅತ್ತೆ ದೇವರಮನೆಯಲ್ಲಿ ಎನ್ನುವಂತಾಯಿತು. ತಪ್ಪು ಇಬ್ಬರದೂ ಅಲ್ಲವೆಂಬುದು ಇಬ್ಬರಿಗೂ ತಿಳಿಯದು.

ತಪ್ಪು ನೀರಿನದು. ಉಡುಪಿ, ಮಂಗಳೂರು ಕಡೆಯ ಬಾವಿಗಳನ್ನು ತೋಡಿರುವುದು ಮುರಕಲ್ಲಿನಲ್ಲಿ. ಅಲ್ಲಿನ ಧಾರಾಕಾರ ಮಳೆ ಯುಗಯುಗಗಳಿಂದ ಆ ಕಲ್ಲಿನ ಸುಣ್ಣದ ಅಂಶವನ್ನು ತೊಳೆದು ಕಡಲಿಗೆ ಸಾಗಿಸಿಬಿಟ್ಟಿದೆ. ಆದಕಾರಣ ಆ ಬಾವಿಗಳ ನೀರು ಬಹುಮಟ್ಟಿಗೆ ಮೆದು. ಬಸವನಗುಡಿಯ ನಲ್ಲಿಯಲ್ಲಿ ಬರುತ್ತಿದ್ದುದು ಕಾವೇರಿ. 1974ರಲ್ಲಿ ಮೊದಲನೆಯ ಹಂತ ಮುಗಿದಂದಿನಿಂದ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿಸಿ ತರುವ ಆ ನೀರು ನೆಲದ ಮೇಲೆ ಹರಿದು ಬಂದದ್ದು. ಬಂಡೆಯ ಒಡನಾಟ ಅದಕ್ಕೆ ಕಡಿಮೆ. ಹೊಸ ಬಡಾವಣೆಯ ನೀರೋ, ಸಾವಿರ ಅಡಿ ಆಳದ ಕೊಳವೆ ಬಾವಿಯದು. ಮಣ್ಣಿನೊಳಗೆ ಇಂಗುವಾಗ ಇಂಗಾಲಾಮ್ಲವನ್ನು ಹೀರಿಕೊಂಡ ಮಳೆನೀರು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಗಡಸು ನೀರೆಂದು ಹೆಸರು. ಬೆಂಗಳೂರಿನವರು ಸುಮ್ಮನೆ ಉಪ್ಪುನೀರು ಎನ್ನುತ್ತಾರೆ. ಹೀಗೆ ಅತ್ತೆಯೂ ಸೊಸೆಯೂ ಬೇರೆ ಬೇರೆ ಊರುಗಳಲ್ಲಿ ಒಂದೇ ಬಗೆಯ ನೀರಿನಲ್ಲಿ ಅಡುಗೆ ಕಲಿತು, ಹೊಸ ಮನೆಯಲ್ಲಿ ಮೊದಲ ಬಾರಿಗೆ ಈ ನೀರಿಗೆ ಎದುರಾಗಿದ್ದರು.

ಬೇಳೆ ಬೇಯುವುದೆಂದರೆ ಅದರ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಪದಾರ್ಥ ಕರಗುವುದು. ನೀರಿನ ಕ್ಯಾಲ್ಸಿಯಂ ಆ ಪೆಕ್ಟಿನ್ನಿನೊಡನೆ ಸೇರಿದರೆ ಗಾರೆ ಗಟ್ಟಿಯಾದಂತೆ ಗಟ್ಟಿಯಾಗುತ್ತದೆ. ಎಷ್ಟು ಕುದಿಸಿದರೂ ಕಣಗಳು ಬಿಡಿಸಿಕೊಳ್ಳುವುದಿಲ್ಲ. ಬೇಯುವ ಮೊದಲೇ ಹುಣಸೆಹುಳಿ ಹಾಕಿದರೆ ಬೇಳೆ ಮೊಂಡಾಗುವುದು ಹಳೆಯ ಗೃಹಿಣಿಯರಿಗೆಲ್ಲ ಗೊತ್ತಿರುವ ಸಂಗತಿ. ಸುಣ್ಣದ ನೀರು ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ.

ಕೆಲವರು ಚಿಟಿಕೆ ಅಡುಗೆ ಸೋಡ ಹಾಕಿ ಗೆಲ್ಲುತ್ತಾರೆ. ಬೇಳೆ ಬೇಯುವುದೇನೋ ನಿಜ. ಜೊತೆಗೆ ಅದರಲ್ಲಿರುವ ಬಿ-1 ಜೀವಸತ್ವ ಬಹುಪಾಲು ನಾಶವಾಗುತ್ತದೆ, ರುಚಿಯೂ ಕೆಡುತ್ತದೆ. ದಿನನಿತ್ಯದ ಅಡುಗೆಗೆ ಇದು ಒಳ್ಳೆಯ ಉಪಾಯವಲ್ಲ.

ದಿನ ಕಳೆದಂತೆ ಉಳಿದ ಲಕ್ಷಣಗಳೂ ಒಂದೊಂದಾಗಿ ಕಾಣಿಸಿಕೊಂಡವು. ಬಚ್ಚಲಿನ ಬಕೆಟ್ಟಿಗೆ ಬಿಳಿಯ ಪೊರೆ ಕಟ್ಟಿತು. ಕಪ್ಪು ಚಹದ ಮೇಲೆ ಎಣ್ಣೆಯಂಥ ಕೆನೆ ತೇಲಿತು. ಸೋಪು ನೊರೆಯಾಗದೆ ಬೂದುಬಣ್ಣದ ಗಸಿಯಾಗಿ ಮೈಗೂ ಬಟ್ಟೆಗೂ ಅಂಟಿತು. ಸೊಸೆಯ ಉದ್ದ ಜಡೆ ತೆಂಗಿನ ನಾರಿನಂತೆ ಒರಟಾಯಿತು. ಯುಗಾದಿಯ ಅಭ್ಯಂಜನದ ದಿನ ಬೆಳಗಿನ ಜಾವ, ಎಲ್ಲರೂ ಮೈಗೆ ಎಣ್ಣೆ ಹಚ್ಚಿಕೊಂಡು ಕುಳಿತಿರುವಾಗ, ಗೀಸರು ಕೆಟ್ಟುಹೋಯಿತು. ರಿಪೇರಿಯವನು ಬಿಚ್ಚಿ ತೋರಿಸಿದಾಗ ಕಾವಿನ ಕೊಳವೆಯ ಸುತ್ತ ಬೆರಳುದಪ್ಪ ಸುಣ್ಣದ ಹಕ್ಕಳೆ. ಒಳಗಿನ ಕಾವು ನೀರಿಗೆ ದಾಟಲಾರದೆ ಕೊಳವೆಯೇ ಮಿತಿಮೀರಿ ಬಿಸಿಯೇರಿ ಸುಟ್ಟಿತ್ತು.

ಅಲ್ಲಿಗೆ ಮಗನ ತಾಳ್ಮೆ ಮುಗಿಯಿತು. ಇಡೀ ಮನೆಗೆ ನೀರು ಶುದ್ಧಿಮಾಡುವ ಯಂತ್ರ ಹಾಕಿಸಿಬಿಡುವುದೆಂದು ಮಾರಾಟಗಾರನೊಬ್ಬನನ್ನು ಕರೆಸಿದನು. ಬಂದಾತ ಮೇಜಿನ ಮೇಲೆ ಎರಡು ಗಾಜಿನ ಲೋಟಗಳನ್ನಿಟ್ಟು, ಒಂದಕ್ಕೆ ಮನೆಯ ನಲ್ಲಿಯ ನೀರನ್ನೂ ಇನ್ನೊಂದಕ್ಕೆ ತಾನು ತಂದಿದ್ದ ಯಂತ್ರದ ನೀರನ್ನೂ ತುಂಬಿ, ಎರಡರಲ್ಲಿಯೂ ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ತು ಹರಿಸಿದನು. ಎರಡು ನಿಮಿಷದಲ್ಲಿ ನಲ್ಲಿಯ ನೀರು ಕೆಂಪುಮಿಶ್ರಿತ ಕಂದುಬಣ್ಣದ ರೊಜ್ಜಾಯಿತು. ಯಂತ್ರದ ನೀರು ತಿಳಿಯಾಗಿಯೇ ಉಳಿಯಿತು. "ಇಷ್ಟು ದಿನ ತಾವೆಲ್ಲ ಕುಡಿದದ್ದು ಇದನ್ನೇ" ಎಂದನು. ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾವನವರು ತಮ್ಮ ಮೂತ್ರಪಿಂಡಗಳನ್ನು ನೆನೆದು ನಿಟ್ಟುಸಿರಿಟ್ಟರು. ಮಗ ಚೆಕ್ಕುಪುಸ್ತಕ ತರಲು ಎದ್ದನು.

ಸೊಸೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಅಡುಗೆಮನೆಯಿಂದ ಚಿಟಿಕೆ ಉಪ್ಪು ತಂದು, ತಿಳಿಯಾಗಿದ್ದ ಯಂತ್ರದ ನೀರಿಗೆ ಹಾಕಿ, "ಇದನ್ನೊಮ್ಮೆ ಪರೀಕ್ಷಿಸಿ ತೋರಿಸುತ್ತೀರಾ?" ಎಂದಳು. ಕಡ್ಡಿಗಳನ್ನಿಳಿಸಿದ ಕೂಡಲೇ ಆ ನೀರೂ ರೊಜ್ಜಾಯಿತು. ಕಂದುಬಣ್ಣ ನೀರಿನೊಳಗಿನ ಕೊಳೆಯದಲ್ಲ, ಕಡ್ಡಿಯ ಕಬ್ಬಿಣದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿದು ಕಬ್ಬಿಣ ಕರಗಿ ತುಕ್ಕಾಗುತ್ತದೆ. ಲವಣವೇ ಇಲ್ಲದ ನೀರಿನಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಮನೆಯ ಬೇಳೆಯಂತೆ ಅಂದು ಮಾರಾಟಗಾರನ ಬೇಳೆಯೂ ಬೇಯಲಿಲ್ಲ. ಈ ಕಡ್ಡಿಯ ಆಟ ಇಂದಿಗೂ ಎಷ್ಟೋ ಮನೆಗಳ ಮೇಜಿನ ಮೇಲೆ ನಡೆಯುತ್ತಿರುವುದರಿಂದ ಗೃಹಿಣಿಯರು ಇದನ್ನು ಅರಿತಿರುವುದು ಒಳ್ಳೆಯದು.

ಯಂತ್ರಕ್ಕೆ ಹಣ ಸುರಿಯುವ ಮೊದಲು ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸಿದರು. ಲೀಟರಿಗೆ 400 ಮಿಲಿಗ್ರಾಂ ಗಡಸುತನವೆಂದು ವರದಿ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಒಪ್ಪುವ ಮಿತಿ 200. ಬೇರೆ ನೀರು ದೊರೆಯದ ಕಡೆ 600ರವರೆಗೆ ಸಹಿಸಿಕೊಳ್ಳಬಹುದು. ಅಂದರೆ ನೀರು ಒರಟು, ವಿಷವಲ್ಲ. ವರದಿಯಲ್ಲಿ ಇನ್ನೆರಡು ಸಾಲುಗಳನ್ನು ಮುಖ್ಯವಾಗಿ ನೋಡಬೇಕು: ಫ್ಲೋರೈಡ್ ಮತ್ತು ನೈಟ್ರೇಟ್. ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು, ನೈಟ್ರೇಟ್ 45 ಮೀರಬಾರದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಎಷ್ಟೋ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲುಮೂಳೆಗಳನ್ನು ಕೆಡಿಸಿದೆ. ಇವೆರಡಕ್ಕೂ ಬಣ್ಣವಿಲ್ಲ, ರುಚಿಯಿಲ್ಲ, ಇವು ಬಕೆಟ್ಟಿಗೆ ಪೊರೆ ಕಟ್ಟುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕಣ್ಣಿಗೆ ಕಾಣುವ ಸುಣ್ಣಕ್ಕೆ ಹೆದರುವವರು ಕಣ್ಣಿಗೆ ಕಾಣದ ಇವನ್ನು ವಿಚಾರಿಸುವುದಿಲ್ಲವೆಂಬುದೇ ವಿಚಿತ್ರ. ಈ ಮನೆಯ ನೀರಿನಲ್ಲಿ ಪುಣ್ಯವಶಾತ್ ಎರಡೂ ಮಿತಿಯೊಳಗಿದ್ದವು.

ಗಡಸುತನದಲ್ಲಿ ಎರಡು ಜಾತಿ. ಬೈಕಾರ್ಬೊನೇಟ್ ರೂಪದಲ್ಲಿರುವುದು ತಾತ್ಕಾಲಿಕ. ಕುದಿಸಿದರೆ ಇಂಗಾಲಾಮ್ಲ ಹಾರಿಹೋಗಿ ಸುಣ್ಣ ತಳಕ್ಕಿಳಿಯುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿರುವುದು ಕುದಿತಕ್ಕೆ ಜಗ್ಗದು. ಅದಕ್ಕೆ ಶಾಶ್ವತವೆಂದು ಹೆಸರು. ತಮ್ಮ ಮನೆಯ ನೀರು ಯಾವ ಜಾತಿಯದೆಂದು ತಿಳಿಯಲು ಗೃಹಿಣಿಗೆ ಪ್ರಯೋಗಾಲಯವೂ ಬೇಕಿಲ್ಲ. ಮೂರು ಗಾಜಿನ ಬಾಟಲಿಗಳಲ್ಲಿ ಅರ್ಧದಷ್ಟು ನೀರು ತುಂಬಬೇಕು: ಒಂದರಲ್ಲಿ ಮಳೆಯ ನೀರು, ಒಂದರಲ್ಲಿ ನಲ್ಲಿಯದು, ಮತ್ತೊಂದರಲ್ಲಿ ಹತ್ತು ನಿಮಿಷ ಕುದಿಸಿ ಆರಿಸಿ ಬಟ್ಟೆಯಲ್ಲಿ ಸೋಸಿದ ಅದೇ ನಲ್ಲಿಯ ನೀರು. ಮೂರಕ್ಕೂ ಸಮನಾಗಿ ಸೋಪಿನ ತುರಿ ಹಾಕಿ ಕುಲುಕಬೇಕು. ಡಿಟರ್ಜೆಂಟ್ ಪುಡಿ ಇದಕ್ಕೆ ಬಾರದು. ನಿಜವಾದ ಸೋಪೇ ಆಗಬೇಕು. ಮಳೆನೀರಿನಲ್ಲಿ ನೊರೆ ತುಂಬುತ್ತದೆ. ಕುದಿಸಿದ ನೀರು ಅದಕ್ಕೆ ಸಮೀಪವಾಗಿದ್ದರೆ ದೋಷ ತಾತ್ಕಾಲಿಕ. ನಲ್ಲಿಯ ನೀರಿನಂತೆಯೇ ಮೊಸರೊಡೆದಂತಾದರೆ ಶಾಶ್ವತ.

ಈ ಮನೆಯಲ್ಲಿ ಗಡಸುತನದ ಅರ್ಧಕ್ಕಿಂತ ಹೆಚ್ಚು ಭಾಗ ತಾತ್ಕಾಲಿಕವೆಂದು ಕಂಡುಬಂತು. ಕುಡಿಯುವ ನೀರನ್ನು ಹೇಗೂ ದಿನವೂ ಕುದಿಸುತ್ತಿದ್ದರು. ರಾತ್ರಿ ಕುದಿಸಿ ಮುಚ್ಚಿಟ್ಟ ಪಾತ್ರೆಯ ತಳದಲ್ಲಿ ಬೆಳಗ್ಗೆ ಬಿಳಿಯ ಪುಡಿ ಕುಳಿತಿರುತ್ತಿತ್ತು. ಅದನ್ನು ಕಂಡು ಅಸಹ್ಯಪಟ್ಟು ಪಾತ್ರೆಯನ್ನೇ ಕಲಕಿ ಚೆಲ್ಲುತ್ತಿದ್ದ ಅತ್ತೆಯವರಿಗೆ, ಬೇಡದ್ದೆಲ್ಲ ಹೊರಬಂದಿರುವ ಗುರುತೇ ಆ ಪುಡಿಯೆಂದು ಸೊಸೆ ತಿಳಿಸಿದಳು. ಪಾತ್ರೆಯನ್ನು ಅಲುಗಿಸದೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಅದರಲ್ಲಿಯೇ ಬೇಳೆ ನೆನೆಸಿ, ಅದರಲ್ಲಿಯೇ ಬೇಯಿಸಿದಾಗ ಬೇಳೆ ಬಸವನಗುಡಿಯಷ್ಟಲ್ಲದಿದ್ದರೂ ಅದರ ಹತ್ತಿರಕ್ಕೆ ಬಂತು. ಕಡಲೆ, ಹುರುಳಿ, ರಾಜಮಾಗಳಂಥ ಗಟ್ಟಿ ಕಾಳುಗಳಿಗೆ ಇನ್ನೊಂದು ಉಪಾಯವಿದೆ. ನೆನೆಸುವ ನೀರಿಗೆ ಒಂದಿಷ್ಟು ಉಪ್ಪು ಹಾಕಿದರೆ ಉಪ್ಪಿನ ಸೋಡಿಯಂ ಕಾಳಿನ ಸಿಪ್ಪೆಯ ಕ್ಯಾಲ್ಸಿಯಮ್ಮನ್ನು ಹೊರದೂಡಿ ಸಿಪ್ಪೆ ಮೆತ್ತಗಾಗುತ್ತದೆ. ಆ ನೀರನ್ನು ಚೆಲ್ಲಿ, ಕಾಳನ್ನು ತೊಳೆದು, ಬೇರೆ ನೀರಿನಲ್ಲಿ ಬೇಯಿಸಬೇಕು. ಕುಕ್ಕರಿನ ಒಳಪಾತ್ರೆಗಷ್ಟೇ ತಿಳಿನೀರು ಸಾಕು. ಹೊರಗಿನ ಆವಿಯ ನೀರು ಯಾವುದಾದರೂ ಆದೀತು. ಅದಕ್ಕೆ ಒಂದೆಸಳು ಹುಣಸೆಹಣ್ಣನ್ನೋ ಹಿಂಡಿದ ನಿಂಬೆಯ ಸಿಪ್ಪೆಯನ್ನೋ ಹಾಕಿದರೆ ಕುಕ್ಕರಿನ ಒಳಮೈ ಕಪ್ಪಾಗುವುದಿಲ್ಲ, ಸುಣ್ಣವೂ ಹಿಡಿಯುವುದಿಲ್ಲ.

ಕುದಿಸದೆಯೇ ತಾತ್ಕಾಲಿಕ ಗಡಸುತನ ಕಳೆಯುವ ವಿಧಾನಕ್ಕೆ 1841ರಲ್ಲಿಯೇ ಸ್ಕಾಟ್ಲೆಂಡಿನ ಅಬರ್ಡೀನಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ ಹಕ್ಕುಪತ್ರ ಪಡೆದಿದ್ದರು. ಸುಣ್ಣದ ನೀರಿಗೆ ಅಳತೆಯಾಗಿ ಇನ್ನಷ್ಟು ಸುಣ್ಣವನ್ನೇ ಬೆರೆಸುವುದು! ಮುಳ್ಳಿನಿಂದ ಮುಳ್ಳು ತೆಗೆದ ಹಾಗೆ ಎರಡು ಸುಣ್ಣಗಳೂ ಕೂಡಿ ತಳಕ್ಕಿಳಿಯುತ್ತವೆ. ಊರಿಗೆ ನೀರೊದಗಿಸುವ ದೊಡ್ಡ ಕಾರ್ಖಾನೆಗಳಿಗೆ ಇದು ಸರಿಯೇ. ಮನೆಯಲ್ಲಿ ಅಳತೆ ತಪ್ಪಿದರೆ ನೀರು ಮೊದಲಿಗಿಂತ ಕೆಡುವುದರಿಂದ ಪ್ರಯೋಗಕ್ಕಿಳಿಯಬಾರದು.

ಬಟ್ಟೆಯ ವಿಷಯದಲ್ಲಿ ಹಳಬರ ಜಾಣತನ ಮೆಚ್ಚತಕ್ಕದ್ದು. 400 ಮಿಲಿಗ್ರಾಂ ಗಡಸುತನವಿರುವ 10 ಲೀಟರಿನ ಒಂದು ಬಕೆಟ್ ನೀರು, ನೊರೆ ಕಟ್ಟುವ ಮೊದಲೇ 20 ಗ್ರಾಂಗೂ ಮಿಕ್ಕಿ ಸೋಪನ್ನು ನುಂಗಿಬಿಡುತ್ತದೆ. ಅದಷ್ಟೂ ಗಸಿಯಾಗಿ ಬಟ್ಟೆಯ ಎಳೆಗಳಲ್ಲಿ ಸೇರಿ ಬಿಳಿಯ ಪಂಚೆಯನ್ನು ಬೂದಿಯ ಬಣ್ಣ ಮಾಡುತ್ತದೆ. ಹಿಂದೆ ಮಡಿವಾಳರು ಸೋಪು ಹಚ್ಚುವ ಗೋಜಿಗೆ ಹೋಗದೆ ಚೌಳುಮಣ್ಣಿನಲ್ಲಿ ಬಟ್ಟೆ ನೆನೆಸುತ್ತಿದ್ದರು. ಆ ಮಣ್ಣಿನಲ್ಲಿರುವ ಸಾರವೇ ಇಂದಿನ ಒಗೆಯುವ ಸೋಡ. ಬಕೆಟ್ಟಿಗೆ ಒಂದೆರಡು ಚಹ ಚಮಚದಷ್ಟು ಒಗೆಯುವ ಸೋಡ ಹಾಕಿ ಕಾಲು ಗಂಟೆ ಬಿಟ್ಟರೆ ಶಾಶ್ವತ ಗಡಸುತನವೂ ಸೇರಿ ಸುಣ್ಣ ತಳಕ್ಕಿಳಿಯುತ್ತದೆ. ಸೋಪನ್ನು ಆಮೇಲೆ ಹಾಕಬೇಕು. ರೇಷ್ಮೆಗೆ, ಉಣ್ಣೆಗೆ ಸೋಡ ತಾಗಿಸಬಾರದು. ಡಿಟರ್ಜೆಂಟುಗಳು ಈ ನೀರಿನಲ್ಲಿಯೂ ಗಸಿಯಾಗುವುದಿಲ್ಲ. ಅಂಟುವಾಳವೂ ಹಾಗೆಯೇ; ರೇಷ್ಮೆಸೀರೆಗೆ ಅದೇ ಮೇಲು. ತಲೆಗೆ ಸೀಗೆಕಾಯಿಯನ್ನು ಬಿಟ್ಟು ಸೋಪಿಗೆ ತಿರುಗಿದವರ ಕೂದಲೇ ಗಡಸು ನೀರಿನಲ್ಲಿ ಹೆಚ್ಚು ಒರಟಾಗುವುದು. ಕೊನೆಯ ಚೆಂಬಿನ ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅಂಟಿದ ಗಸಿ ಬಿಡುತ್ತದೆ. ಕೂದಲು ಒರಟಾಗುವುದು ನಿಜ. ಉದುರುವುದಕ್ಕೂ ಇದೇ ಕಾರಣವೆಂದು ಸ್ಥಿರಪಟ್ಟಿಲ್ಲ. ಅದಕ್ಕೆ ವೈದ್ಯರನ್ನು ಕಾಣುವುದು ಲೇಸು.

ಇಷ್ಟಾದರೂ ಗೀಸರಿನ ಪ್ರಶ್ನೆ ಉಳಿಯಿತು. ಸ್ನಾನದ ನೀರನ್ನೆಲ್ಲ ಕುದಿಸಿ ತಿಳಿಮಾಡಲು ಸಾಧ್ಯವೆ? ಇದಕ್ಕಾಗಿ ಇರುವುದು ನೀರನ್ನು ಮೆದುಮಾಡುವ ಯಂತ್ರ. ಅದರೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಮ್ಮುಗಳನ್ನು ತಾವಿಟ್ಟುಕೊಂಡು ಪ್ರತಿಯಾಗಿ ಸೋಡಿಯಮ್ಮನ್ನು ಕೊಡುತ್ತವೆ. ಮಣಿಗಳ ಶಕ್ತಿ ಕುಂದಿದಾಗ ಉಪ್ಪಿನ ನೀರು ಹಾಯಿಸಿದರೆ ಮತ್ತೆ ಸಿದ್ಧವಾಗುತ್ತವೆ. ಮಗ ಇದನ್ನೇ ಮೇಲಿನ ತೊಟ್ಟಿಗೆ ಜೋಡಿಸಿ ಇಡೀ ಮನೆಗೆ ಅದರ ನೀರನ್ನೇ ಹರಿಸಬೇಕೆಂದಿದ್ದನು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮಾವನವರಿಗೆ ರಕ್ತದ ಒತ್ತಡ. ಉಪ್ಪು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿ ವರ್ಷವಾಗಿತ್ತು. ಉಪ್ಪಿನಕಾಯಿ ಬಿಟ್ಟಿದ್ದರು, ಹಪ್ಪಳ ಬಿಟ್ಟಿದ್ದರು. ನೀರಿನಿಂದ 400 ಮಿಲಿಗ್ರಾಂ ಗಡಸುತನ ತೆಗೆದಾಗ ಆ ಜಾಗಕ್ಕೆ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಬರುತ್ತದೆ. ದಿನಕ್ಕೆ ಎರಡು ಲೀಟರ್ ಕುಡಿದರೆ ಹತ್ತಿರ ಹತ್ತಿರ ಒಂದು ಗ್ರಾಂ ಉಪ್ಪು ತಿಂದಂತಾಯಿತು. ದಿನದ ಉಪ್ಪೆಲ್ಲ ಸೇರಿ 5 ಗ್ರಾಂಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಲೆಯ ಮೇಲಿನ ಉಪ್ಪಿನಕಾಯಿಯನ್ನು ತ್ಯಜಿಸಿದವರಿಗೆ ಲೋಟದ ನೀರಿನಲ್ಲಿ ಅದನ್ನು ಹಿಂದಿರುಗಿಸಿದಂತೆ! ನೀರು ಉಪ್ಪೆಂದು ನಾಲಿಗೆಗೂ ಅಷ್ಟಾಗಿ ತಿಳಿಯುವುದಿಲ್ಲ. ಆದಕಾರಣ ಮೆದುಮಾಡಿದ ನೀರು ಬಚ್ಚಲಿಗೆ, ಬಟ್ಟೆ ಒಗೆಯುವ ಯಂತ್ರಕ್ಕೆ ಮಾತ್ರ ಹೋಗಬೇಕು. ಅಡುಗೆಮನೆಯ ನಲ್ಲಿಗೆ ಯಂತ್ರಕ್ಕೆ ಮೊದಲೇ ಬೇರೆ ಕೊಳವೆ ತೆಗೆಯಬೇಕು. ಮನೆ ಕಟ್ಟಿಸುವಾಗಲೇ ಈ ಏರ್ಪಾಟು ಮಾಡಿಕೊಂಡರೆ ಗೋಡೆ ಅಗೆಯುವ ಕಷ್ಟ ತಪ್ಪುತ್ತದೆ. ಈ ಮನೆಯವರು ಗೋಡೆ ಅಗೆಸಿದರು. ಯಂತ್ರ ತೊಳೆದ ಉಪ್ಪುನೀರನ್ನು ಹೂಗಿಡಗಳಿಗೆ ಬಿಡಬಾರದು. ದಾಸವಾಳ, ಕರಿಬೇವುಗಳ ಬುಡಕ್ಕೆ ಹರಿದರೆ ಕೆಲವೇ ದಿನಗಳಲ್ಲಿ ಎಲೆಯಂಚು ಸುಡುತ್ತದೆ. ಗಿಡಗಳಿಗೆ ಮೂಲದ ಗಡಸು ನೀರೇ ಹಿತ.

ಆರ್.ಓ. ಯಂತ್ರ ಲವಣವನ್ನೆಲ್ಲ ತೆಗೆಯುವುದೇನೋ ಸರಿ. ಆದರೆ ಮನೆಬಳಕೆಯ ಸಾಮಾನ್ಯ ಯಂತ್ರಗಳು ಒಂದು ಲೀಟರ್ ಕೊಟ್ಟರೆ ಎರಡು ಮೂರು ಲೀಟರ್ ಚೆಲ್ಲುತ್ತವೆ. ಫ್ಲೋರೈಡ್, ನೈಟ್ರೇಟ್ ಮಿತಿ ಮೀರಿದ್ದರೆ ಅದು ಬೇಕೇ ಬೇಕು. ಬರಿಯ ಸುಣ್ಣಕ್ಕಾಗಿ ಅದನ್ನು ಹೂಡುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಮೂತ್ರಪಿಂಡದ ಕಲ್ಲಿನ ಭಯ ಮಾವನವರೊಬ್ಬರದೇ ಅಲ್ಲ. ಪಾತ್ರೆಯಲ್ಲಿ ಕಲ್ಲು ಕಟ್ಟುವ ನೀರು ಹೊಟ್ಟೆಯಲ್ಲಿಯೂ ಕಟ್ಟದೆ ಇದ್ದೀತೆ ಎಂಬ ತರ್ಕ ಸಹಜವೇ. ಆದರೆ ಗಡಸು ನೀರೇ ಕಲ್ಲಿಗೆ ಕಾರಣವೆಂದು ಸಂಶೋಧನೆಯಿಂದ ಸ್ಥಾಪಿತವಾಗಿಲ್ಲ. ನೀರನ್ನು ಕಡಿಮೆ ಕುಡಿಯುವುದು ಮಾತ್ರ ಖಚಿತವಾದ ಕಾರಣಗಳಲ್ಲೊಂದು. ಒಮ್ಮೆ ಕಲ್ಲು ಬಂದವರು ವೈದ್ಯರ ಮಾತಿನಂತೆ ನಡೆಯತಕ್ಕದ್ದು. ಉಳಿದವರಿಗೆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಹಾರದ ಅಂಶಗಳೇ.

ಈಗಾಗಲೇ ಕಟ್ಟಿರುವ ಪೊರೆಗೆ ಹುಳಿಯೇ ಮದ್ದು. ಕಿರಾಣಿ ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಬಕೆಟ್ಟಿಗೆ, ಷವರಿನ ತೂತುಗಳಿಗೆ, ನೀರು ಕಾಯಿಸುವ ಪಾತ್ರೆಗೆ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದರೆ ಸಾಕು. ಅಮೃತಶಿಲೆಯ ನೆಲಕ್ಕೆ ಮಾತ್ರ ತಾಗಿಸಬಾರದು. ಅದೂ ಸುಣ್ಣದ ಕಲ್ಲೇ, ಹುಳಿ ಅದನ್ನೂ ತಿನ್ನುತ್ತದೆ. ಕೆಲಸ ಬೇಗ ಮುಗಿಯಲೆಂದು ಬಾಟಲಿಯ ಆಸಿಡ್ ಸುರಿಯುವವರಿದ್ದಾರೆ. ನಲ್ಲಿಯ ಹೊಳಪು ಹೋಗುವುದು ಹಾಗಿರಲಿ, ಬ್ಲೀಚಿಂಗ್ ಪುಡಿಯ ಮೇಲೆ ಯಾವ ಹುಳಿ ಬಿದ್ದರೂ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಾಂತಿಕವಾಗಬಹುದು. ಗೀಸರಿನ ಕಾವನ್ನು 60 ಡಿಗ್ರಿಯ ಒಳಗೇ ಇಟ್ಟು, ವರ್ಷಕ್ಕೊಮ್ಮೆ ಬಿಚ್ಚಿಸಿ ಹಕ್ಕಳೆ ತೆಗೆಸಿದರೆ ಅದು ಬಹುಕಾಲ ಬಾಳುತ್ತದೆ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ.

2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಈ ಮನೆಯವರೂ ಸಂಪರ್ಕಕ್ಕೆ ಅರ್ಜಿ ಹಾಕಿದ್ದಾರೆ. ಅಲ್ಲಿಯವರೆಗೆ ಸೊಸೆಗೆ ಹೊಳೆದದ್ದು ಮಾಳಿಗೆ. ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆಯಾಗುತ್ತದೆ. 1,200 ಚದರ ಅಡಿಯ ಮಾಳಿಗೆಯ ಮೇಲೆ ಬೀಳುವ ನೀರೇ ಸುಮಾರು ಒಂದು ಲಕ್ಷ ಲೀಟರ್, ಅದರಲ್ಲಿ ಸುಣ್ಣದ ಸುಳಿವೂ ಇಲ್ಲ. 2009ರ ಕಾಯಿದೆಯ ತಿದ್ದುಪಡಿಯಂತೆ ಮಳೆನೀರಿನ ಕೊಳವೆಗಳನ್ನು ಮನೆ ಕಟ್ಟುವಾಗಲೇ ಹಾಕಿಸಿದ್ದರು. ನೀರು ಮಾತ್ರ ಚರಂಡಿಗೆ ಹೋಗುತ್ತಿತ್ತು.

ವೈಶಾಖದ ಒಂದು ಸಂಜೆ ಗುಡುಗು ಸಿಡಿಲಿನೊಡನೆ ಮಳೆ ಹೊಯ್ಯಿತು. ಮಾಳಿಗೆಯ ಧೂಳು ಕೊಚ್ಚಿಹೋಗಲೆಂದು ಮೊದಲ ಕಾಲು ಗಂಟೆಯ ನೀರನ್ನು ಹರಿಯಬಿಟ್ಟು, ಅತ್ತೆಯವರೇ ಅಟ್ಟದಿಂದ ಇಳಿಸಿಟ್ಟಿದ್ದ ಹಳೆಯ ತಾಮ್ರದ ಹಂಡೆಯನ್ನು ಕೊಳವೆಯ ಬಾಯಿಗೆ ತಳ್ಳಿದರು. ಹಂಡೆ ತುಂಬಿದ ಮೇಲೆ ಬಟ್ಟೆಯಲ್ಲಿ ಸೋಸಿ, ಒಂದು ಪಾತ್ರೆಯಷ್ಟನ್ನು ಒಳಗೆ ತಂದು ಕುದಿಯಲಿಟ್ಟು, "ಬೇಳೆ ತೊಳೆದಿಡಮ್ಮ, ನಾಳೆಯ ಸಾರು ನಿನ್ನದು" ಎಂದರು.

"ಎಷ್ಟು ಹಾಕಲಿ ಅತ್ತೆ?"

"ಎರಡು ಪಾವು ಹಾಕು. ಪಕ್ಕದ ಮನೆಯವರಿಗೂ ಒಂದು ಪಾತ್ರೆ ಕಳಿಸೋಣ. ಅವರದೂ ಬೇಯುವುದಿಲ್ಲವಂತೆ."